ನಾಯನ ಮಾಡಿಕೊಟ್ಟ ಕರಕರ

ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ರೇಷ್ಮೆ ಹುಳುಗಳು. ದೇವರಾಯಸಮುದ್ರದ ಕೆರೆಗೆ ಕೂಗಳತೆಯ ದೂರದಲ್ಲಿದ್ದ ಆ ಹೆಂಚಿನ ಮನೆಗೆ ಮೂರೇ ಕೋಣೆ: ಅಡುಗೆಮನೆ, ನಡುಮನೆ, ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ. ನಡುಮನೆ ಹುಳುಗಳದ್ದು. ಸೂರಿನವರೆಗೆ ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ಹುಳು. ಉಳಿದ ಜಾಗದಲ್ಲಿ ಅಮ್ಮ, ನಾಯನ, ನಾನು ಚಾಪೆ ಹಾಸಿಕೊಳ್ಳುತ್ತಿದ್ದೆವು. ನಾಯನ ಎಂದರೆ ಅಪ್ಪ. ಆಂಧ್ರದ ಗಡಿ ಹತ್ತಿರವಿರುವ ನಮ್ಮ ಮುಳಬಾಗಿಲು ಕಡೆ ಮನೆಯೆಲ್ಲ ಕನ್ನಡವಾಗಿದ್ದರೂ ಅಪ್ಪ ಮಾತ್ರ ತೆಲುಗಿನಲ್ಲೇ ಉಳಿದುಬಿಡುತ್ತಾನೆ. ಹುಳು ಮನೆಗೆ ಬಂದ ದಿನದಿಂದ ಗೂಡು ಕಟ್ಟುವ ದಿನದವರೆಗೆ, ಹೆಚ್ಚುಕಡಿಮೆ ಒಂದು ತಿಂಗಳು, ನಾವು ಅವುಗಳ ಮನೆಯ ಬಾಡಿಗೆದಾರರು. ಹೊಗೆ, ಘಾಟು ಹುಳುವಿಗೆ ಆಗದು: ಊದುಬತ್ತಿ ಹಚ್ಚುವ ಹಾಗಿಲ್ಲ, ಮುಖಕ್ಕೆ ಪೌಡರ್ ಹಾಕುವ ಹಾಗಿಲ್ಲ, ಬೀಡಿ ಸೇದಿದ ನೆಂಟರು ಜಗುಲಿಯಲ್ಲೇ ಕೂತು ಜಗುಲಿಯಲ್ಲೇ ಊಟ ಮಾಡಿ ಹೋಗಬೇಕು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತ ದಿನ ಅಮ್ಮ ಮೆಣಸಿನಕಾಯಿ ಹುರಿಯುತ್ತಿರಲಿಲ್ಲ, ನಮಗೆ ಸಪ್ಪೆ ಹುರುಳಿ ಸಾರು, ರಾಗಿ ಮುದ್ದೆ. ನನಗೆ ನಿಜವಾದ ಜ್ವರ ಬಂದಾಗಲೂ ಅಮ್ಮ ಅಷ್ಟು ಮೆತ್ತಗೆ ನಡೆದದ್ದನ್ನು ನಾನು ಕಾಣೆ.

ಮುಂದಿನ ಕೋಣೆ ನಾಯನನದು. ಹಳೇ ಬಾಗಿಲೊಂದನ್ನು ಅಡ್ಡ ಮಲಗಿಸಿ ಮಾಡಿದ ಬೆಂಚು, ಅದರ ಮೇಲೆ ಹೊಟ್ಟೆ ಬಗೆದ ರೇಡಿಯೋಗಳು, ಟೇಪ್ ರೆಕಾರ್ಡರುಗಳು, ಮದುವೆ ಮನೆಗಳ ಮೈಕ್ ಸೆಟ್ಟುಗಳು. ಬೆಳಗ್ಗೆ ತೋಟದ ಕೆಲಸ ಮುಗಿಸಿ ಬಂದು ಕೈ ತೊಳೆದು, ಪೂಜೆಗೆ ಕೂರುವವನ ಹಾಗೆ ಅಂಗಿ ಬದಲಿಸಿ ಬೆಂಚಿಗೆ ಕೂರುತ್ತಿದ್ದ. ಕುರುಡುಮಲೆಯಿಂದಲೂ ಜನ ರೇಡಿಯೋ ಹೊತ್ತು ತರುತ್ತಿದ್ದರು. ಅವನಿಗೊಂದು ಹೆಮ್ಮೆಯಿತ್ತು: ತನ್ನ ಕೈ ದಾಟಿ ಹೋದ ರೇಡಿಯೋದಲ್ಲಿ ಒಂದು ಚೂರೂ ಕರಕರ ಇರಕೂಡದು. ಕಿವಿಯನ್ನು ಸ್ಪೀಕರಿನ ಬಟ್ಟೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದ. ವಾರ್ತೆ ಓದುವವರು ಉಸಿರೆಳೆದುಕೊಳ್ಳುವುದು ಕೇಳಿಸಿದ ಮೇಲೇ ಮುಚ್ಚಳ ಹಾಕುತ್ತಿದ್ದದ್ದು. ಆ ಕೋಣೆಯಲ್ಲಿ ಸದಾ ತಂತಿ ಬೆಸೆಯಲು ಸಾಲ್ಡರ್ ಮಾಡುವಾಗ ಏಳುವ ರಾಳದ ಹೊಗೆಯ ವಾಸನೆ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನಿಂತುಬಿಡುತ್ತೇನೆ. ಆದರೆ ಅಮ್ಮನಿಗೆ ಆ ಹೊಗೆಯೇ ಶತ್ರು. ನಮ್ಮ ಗೋಡೆಗಳು ಸೂರಿನ ತನಕ ಏರಿರಲಿಲ್ಲ. ಒಂದು ಕೋಣೆಯ ಹೊಗೆ, ಮಾತು, ಗೊರಕೆ ಎಲ್ಲ ಇನ್ನೊಂದು ಕೋಣೆಗೆ ಧಾರಾಳವಾಗಿ ಹೋಗುತ್ತಿದ್ದವು. ಹಾಗಾಗಿ ಹುಳು ಮನೆಯಲ್ಲಿರುವಷ್ಟು ದಿನ ಸಾಲ್ಡರ್ ಕಡ್ಡಿ ಕಾಯಿಸಬಾರದು ಎಂಬುದು ಕಾನೂನು. ಹುಳುವಿನ ಒಂದು ಬೆಳೆಗೂ ಇನ್ನೊಂದು ಬೆಳೆಗೂ ನಡುವೆ ಸಿಗುವ ಹತ್ತು ಹದಿನೈದು ದಿನದಲ್ಲಿ ನಾಯನ ಊರಿನ ರೇಡಿಯೋಗಳನ್ನೆಲ್ಲ ರಿಪೇರಿ ಮಾಡಬೇಕಿತ್ತು. ಅಷ್ಟು ಸಾಲದೆಂಬಂತೆ ಆ ವರ್ಷ ಅಮ್ಮನ ಕಣ್ಣು ಕೋಣೆಯ ಮೇಲೇ ಬಿದ್ದಿತ್ತು. ಮೊಟ್ಟೆಯಿಂದ ಆಗತಾನೇ ಹೊರಬಂದ ಚಾಕಿ ಹುಳುಗಳಿಗೆ ಬೇರೆ ಕೋಣೆ ಇದ್ದರೆ ಬೆಳೆ ಕೈಕೊಡುವುದಿಲ್ಲ ಎಂದು ಯಾರೋ ಹೇಳಿದ್ದರು. ಊಟಕ್ಕೆ ಕೂತರೆ ಅದೇ ಮಾತು.

"ಏನ್ರೀ, ಆ ಸತ್ತ ರೇಡಿಯೋಗಳನ್ನ ಎತ್ತಿ ಆಕಡೆ ಹಾಕಿ. ಚಾಕಿಗೆ ಆ ಕೋಣೆ ಬೇಕೇ ಬೇಕು."

"ಸತ್ತಿಲ್ಲ ಕಣೇ, ಮಲ್ಕೊಂಡವೆ. ಎಬ್ಬಿಸ್ತೀನಿ."

"ನೀವು ಎಬ್ಬಿಸೋದ್ರೊಳಗೆ ನನ್ ಹುಳ ಮಲಕ್ಕೊಂತವೆ."

ನಾಯನ ನಗುತ್ತ ಮುದ್ದೆ ಮುರಿಯುತ್ತಿದ್ದ. ಅಮ್ಮನೂ ನಗುತ್ತಿದ್ದಳು. ಆದರೆ ಇಬ್ಬರೂ ಒಂದಿಂಚು ಬಿಟ್ಟುಕೊಡುತ್ತಿರಲಿಲ್ಲ. ಬೆಂಚು ಹೋದರೆ ನಾಯನನಿಗೆ ತೋಟ, ಸೊಪ್ಪು, ಗೊಬ್ಬರ ಬಿಟ್ಟರೆ ಬೇರೆ ಏನೂ ಉಳಿಯುವುದಿಲ್ಲ ಎಂದು ಹದಿನಾರು ವರ್ಷದ ನನಗೂ ತಿಳಿಯುತ್ತಿತ್ತು. ನಾನು ಒಳಗೊಳಗೇ ನಾಯನನ ಕಡೆ.

ಅದಕ್ಕೆ ನನ್ನ ಸ್ವಾರ್ಥವೂ ಇತ್ತು. ಕೆಜಿಎಫ್ ಕಡೆಯ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಒಬ್ಬರು ಮದರಾಸಿನ ಅಣ್ಣನ ಮನೆಗೆ ಊರು ಬಿಟ್ಟು ಹೋಗುವಾಗ, ತಮ್ಮ ಎಲೆಕ್ಟ್ರಿಕ್ ಗಿಟಾರನ್ನು ನಾಯನನ ಬೆಂಚಿನ ಮೇಲಿಟ್ಟು ಹೋಗಿದ್ದರು. ನಾಯನ ಅವರ ಮೈಕ್ ಸೆಟ್ಟನ್ನು ಎಷ್ಟೋ ಸಲ ಬದುಕಿಸಿಕೊಟ್ಟಿದ್ದ. 'ನಿಮ್ಮ ಮಗಳು ಇದನ್ನು ನೋಡೋ ನೋಟ ನೋಡಿದೀನಿ, ಇರಲಿ' ಅಂದರಂತೆ. ಬಣ್ಣ ಎದ್ದ ಕೆಂಪು ಗಿಟಾರು, ಐದೇ ತಂತಿ. ಆರನೆಯದಕ್ಕೆ ನಾಯನ ಎಲ್ಲಿಂದಲೋ ಉಕ್ಕಿನ ತಂತಿ ತಂದು ಕಟ್ಟಿದ. ಅದನ್ನು ಹಳೇ ವಾಲ್ವ್ ರೇಡಿಯೋದ ಹಿಂದೆ, ಗ್ರಾಮಫೋನಿಗೆಂದು ಬಿಟ್ಟಿದ್ದ ತೂತಿಗೆ ಸಿಕ್ಕಿಸಿದರೆ ರೇಡಿಯೋದಲ್ಲೇ ಹಾಡುತ್ತಿತ್ತು. ಹಾಡುತ್ತಿತ್ತು ಎಂದರೆ, ನಾನು ಏನೋ ಟಿಣ್ ಟಿಣ್ ಮಾಡುತ್ತಿದ್ದೆ. ಒಂದು ದಿನ ಮಾತ್ರ ಬೇರೆಯದೇ ಆಯಿತು. ರಿಪೇರಿಗೆ ಬಂದಿದ್ದ ರೇಡಿಯೋ ಒಂದರ ಸ್ಪೀಕರಿನ ಕಾಗದವನ್ನು ಇಲಿ ಕಡಿದಿತ್ತು. ನಾನು ಗಿಟಾರನ್ನು ಅದಕ್ಕೆ ಸಿಕ್ಕಿಸಿ ದಪ್ಪ ತಂತಿಯನ್ನು ಮೀಟಿದೆ. ಬಂದ ಸದ್ದನ್ನು ಏನೆಂದು ಹೇಳಲಿ? ಗಂಟಲು ಕಟ್ಟಿದವರು ಹಟ ಹಿಡಿದು ಹಾಡಿದ ಹಾಗೆ. ಒರಟು, ಉದ್ದ, ನಿಲ್ಲಲೊಲ್ಲದ ಸದ್ದು. ಮೆಲ್ಲಗೆ ನಡಿ, ಮೆಲ್ಲಗೆ ಮಾತಾಡು, ಬಾಗಿಲು ಬಡಿಯಬೇಡ, ಹುಳು ಬೆಚ್ಚುತ್ತವೆ ಎಂದು ಹುಟ್ಟಿದಾಗಿನಿಂದ ಕೇಳಿಸಿಕೊಂಡವಳಿಗೆ ಅದು ನನ್ನದೇ ಗಂಟಲು ಅನ್ನಿಸಿತು. ಮಾರನೆಯ ದಿನ ಕಾಲೇಜಿನಿಂದ ಬಂದು ನೋಡುತ್ತೇನೆ, ನಾಯನ ಸ್ಪೀಕರಿಗೆ ಮೈದಾ ಅಂಟಿನಲ್ಲಿ ತೆಳುಕಾಗದ ಅಂಟಿಸಿ ಸರಿಮಾಡಿಬಿಟ್ಟಿದ್ದ. ರೇಡಿಯೋ ಒಳ್ಳೆಯ ಮಗುವಿನ ಹಾಗೆ ಸ್ವಚ್ಛವಾಗಿ ಮಾತಾಡುತ್ತಿತ್ತು. ನಾನು ಅತ್ತೆ.

"ಯಾಕ್ ಸರಿ ಮಾಡ್ದೆ ನಾಯನಾ?"

"ಲೇ, ಇಷ್ಟು ವರ್ಷದಲ್ಲಿ ಸರಿ ಮಾಡಿದ್ದಕ್ಕೆ ಅತ್ತೋರನ್ನ ನಿನ್ನೊಬ್ಬಳನ್ನೇ ಕಣೇ ನೋಡಿದ್ದು."

"ನಂಗೆ ಆ ಸದ್ದೇ ಬೇಕು. ಮಾಡ್ಕೊಡು."

ಬೇರೆ ಯಾವ ಅಪ್ಪನಾಗಿದ್ದರೂ ಗದರುತ್ತಿದ್ದ. ನಾಯನ ಬೆಂಚಿನ ಕೆಳಗಿನ ಡಬ್ಬ ಎಳೆದು, ಸತ್ತ ಪಾಕೆಟ್ ರೇಡಿಯೋಗಳಿಂದ ಕಿತ್ತಿಟ್ಟಿದ್ದ ಹಳೇ ಟ್ರಾನ್ಸಿಸ್ಟರುಗಳನ್ನು ಅಂಗೈಗೆ ಸುರಿದುಕೊಂಡ. ಟ್ರಾನ್ಸಿಸ್ಟರಿಗೆ ತಡೆಯುವಷ್ಟೇ ಸದ್ದು ಉಣ್ಣಿಸಿದರೆ ಸರಿಯಾಗಿ ಮಾತಾಡುತ್ತದೆ, ಹೊಟ್ಟೆ ತುಂಬಿದ ಮೇಲೂ ಬಡಿಸುತ್ತಲೇ ಹೋದರೆ ಕಕ್ಕುತ್ತದೆ, ನಿನಗೆ ಬೇಕಾದ ಕರಕರ ಅದೇ ಎಂದು ವಿವರಿಸಿದ. ನಾನು ಇವತ್ತು ಮಾಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಟ್ರಾನ್ಸಿಸ್ಟರ್ ಬಗ್ಗೆ ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿಲ್ಲ. ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಕೆಲಸ ಶುರುವಾಯಿತು. ನನ್ನ ಅಲ್ಯೂಮಿನಿಯಂ ಟಿಫಿನ್ ಡಬ್ಬಿಯೇ ಪೆಟ್ಟಿಗೆ. ಕಾಲಲ್ಲಿ ತುಳಿಯುವುದಕ್ಕೆ ಹಳೇ ಟೇಪ್ ರೆಕಾರ್ಡರಿನ ಗುಂಡಿ. ತುಳಿದರೆ ಕರಕರ, ಮತ್ತೆ ತುಳಿದರೆ ಮಾಮೂಲಿ. ನಾನು ಟ್ರಾನ್ಸಿಸ್ಟರಿನ ತಂತಿ ಕಾಲುಗಳನ್ನು ಬಗ್ಗಿಸಿ ಕೊಡುವುದು, ಅವನು ಬೆಸೆಯುವುದು. ಎಲೆಯಡಿಕೆ ಜಗಿಯುತ್ತ, ತೆಲುಗು ಹಾಡು ಗುನುಗುತ್ತ, ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಆ ಹತ್ತು ದಿನಗಳನ್ನು ಯಾರಾದರೂ ವಾಪಸ್ಸು ಕೊಡುತ್ತೇವೆಂದರೆ ನನ್ನ ಹತ್ತಿರ ಇರುವುದನ್ನೆಲ್ಲ ಕೊಟ್ಟು ತೆಗೆದುಕೊಳ್ಳುತ್ತೇನೆ.

ಪೆಟ್ಟಿಗೆ ಮುಗಿಯಿತು. ಗಿಟಾರು ಸಿಕ್ಕಿಸಿ, ಗುಂಡಿ ತುಳಿದು ಮೀಟಿದೆ. ರೇಡಿಯೋದಿಂದ ಬಂದದ್ದು ಕಂಬಳಿ ಹೊದ್ದು ಯಾರೋ ಕೆಮ್ಮಿದಂಥ ಸದ್ದು. ಕರಕರ ಇಲ್ಲವೇ ಇಲ್ಲ. ಇಬ್ಬರೂ ಡಬ್ಬಿಯ ಮೇಲೆ ಬಗ್ಗಿ ನೋಡಿದೆವು. ಬೇಕಿಲ್ಲದ ಜಾಗದಲ್ಲಿ, ಕರಕರವನ್ನು ನುಂಗುವ ಒಂದು ಕಂದು ಕಂಡೆನ್ಸರು ಕೂತಿತ್ತು.

"ಇದ್ಯಾಕೆ ಹಾಕ್ದೆ?"

"ಪರೀಕ್ಷೆ ಮಾಡುವಾಗ ತುಂಬ ಕರಕರ ಬರ್ತಿತ್ತಮ್ಮಣ್ಣಿ," ಎಂದ ನಾಯನ. ಹೇಳಿದ ಮೇಲೇ ಅವನಿಗೆ ತಾನೇನು ಹೇಳಿದೆ ಎಂದು ತಿಳಿದದ್ದು. ನಾಲಿಗೆ ಕಚ್ಚಿಕೊಂಡ.

ಹುಟ್ಟುಗುಣ ಸುಟ್ಟರೂ ಹೋಗದು. ಕರಕರ ಕೇಳಿದೊಡನೆ ಅವನ ಕೈ ಅವನನ್ನೂ ಕೇಳದೆ ಹೋಗಿ ಅದನ್ನು ತೆಗೆದುಹಾಕಿತ್ತು. ಇವತ್ತು ನೆನೆದರೆ ನಗು ಬರುತ್ತದೆ, ಅವತ್ತು ಬರಲಿಲ್ಲ. ಕಂಡೆನ್ಸರನ್ನು ಕತ್ತರಿಸಿ ಬಿಸಾಕಿದೆವು. ಆಗ ರೇಡಿಯೋ ಮೀಟದೆಯೇ ಕಿಂಯ್ ಎಂದು ಕೂಗತೊಡಗಿತು. ಎಲ್ಲವನ್ನೂ ಬಿಚ್ಚಿ ಹೊಸದಾಗಿ ಬೆಸೆಯಬೇಕೆಂದ ನಾಯನ. ಅಷ್ಟರಲ್ಲಿ ಬಿಡುವು ಮುಗಿದು ಹುಳು ಮನೆಗೆ ಬಂದಿತ್ತು. ಕಡ್ಡಿ ಕಾಯಿಸುವ ಹಾಗಿಲ್ಲ, ಮನೆಗಿದ್ದ ಒಂದೇ ಪ್ಲಗ್ಗೂ ಆ ಕೋಣೆಯಲ್ಲೇ. ಗೂಡು ಕಟ್ಟಲಿ, ಆಮೇಲೆ ಮಾಡೋಣ ಎಂದ. ಮುಳಬಾಗಿಲಿನ ಕಾಲೇಜಿನ ವಾರ್ಷಿಕೋತ್ಸವ ಗೂಡು ಕಟ್ಟುವ ಮೊದಲೇ ಇತ್ತು. ನಾನು ಹೆಸರು ಕೊಟ್ಟುಬಿಟ್ಟಿದ್ದೆ. ಗಿಟಾರು ನುಡಿಸುವ ಹುಡುಗಿ ಎಂದು ಆಗಲೇ ಹುಡುಗರು ಹಲ್ಲು ಕಿರಿಯುತ್ತಿದ್ದರು. ಟಿಣ್ ಟಿಣ್ ಮಾಡಿ ಇಳಿದರೆ ಮುಗಿಯಿತು ನನ್ನ ಕಥೆ. ದಿನಗಳು ಹತ್ತಿರ ಬಂದ ಹಾಗೆ ನಾನು ಊಟ ಬಿಟ್ಟೆ, ಮಾತು ಬಿಟ್ಟೆ. ಕೊನೆಗೆ ಒಂದು ಬೆಳಗ್ಗೆ ಬಿಡಬಾರದ ಮಾತನ್ನೂ ಬಿಟ್ಟೆ.

"ಊರೋರ ರೇಡಿಯೋಗೆಲ್ಲ ಆಗ್ತದೆ ನಿನ್ನ ಕೈಲಿ. ನಂಗೆ ಅಂತ ಒಂದು ಮಾಡು ಅಂದ್ರೆ, ಅಮ್ಮನ ಹುಳಕ್ಕೆ ಹೆದರ್ತೀಯ."

ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದು ಆರು ದಿನವಾಗಿತ್ತು. ಹುಳು ಬಕಾಸುರರಾಗುವ ಕಾಲ ಅದು. ಎಷ್ಟು ಸೊಪ್ಪು ಹಾಕಿದರೂ ಗಳಿಗೆಯಲ್ಲಿ ಕಡ್ಡಿ ಮಾತ್ರ ಉಳಿಯುತ್ತಿತ್ತು, ತೋಟದಲ್ಲಿ ಸೊಪ್ಪು ತಳ ಕಂಡಿತ್ತು. ಅಮ್ಮ ಅವತ್ತು ಮಧ್ಯಾಹ್ನ ಕುಡುಗೋಲು ತೆಗೆದುಕೊಂಡು ಸೊಪ್ಪಿಗೆ ಹೋದಳು. ಅವಳು ಕೆರೆಯ ಕಟ್ಟೆ ಇಳಿದದ್ದನ್ನು ನೋಡಿಕೊಂಡು ನಾಯನ ಕೋಣೆಯ ಬಾಗಿಲು ಹಾಕಿದ, ಸಂದಿಗೆ ಒದ್ದೆ ಗೋಣಿ ತುರುಕಿದ, ಕಿಟಕಿ ತೆರೆದ. ನನ್ನನ್ನು ಕರೆದು ಬೀಸಣಿಗೆ ಕೈಗಿಟ್ಟ. "ಬೀಸು, ಹೊಗೆ ಬೀದಿಗೆ ಹೋಗ್ಲಿ," ಎಂದು ಕಡ್ಡಿಯನ್ನು ಪ್ಲಗ್ಗಿಗೆ ಹಾಕಿದ. ಒಂದು ಗಂಟೆಯಲ್ಲಿ ಎಲ್ಲ ಬಿಚ್ಚಿ ಎಲ್ಲ ಬೆಸೆದ. ಈ ಸಲ ಪರೀಕ್ಷೆ ಮಾಡುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ನಾನು ಗುಂಡಿ ತುಳಿದು ಮೀಟಿದೆ. ಬಂತು. ಇಲಿ ಕಡಿದ ಸ್ಪೀಕರಿಗಿಂತಲೂ ದೊಡ್ಡದಾಗಿ, ಕೋಣೆಯ ಹೆಂಚು ನಡುಗುವ ಹಾಗೆ ಬಂತು. ನಾಯನನ ಮುಖ ಹುಣಸೆಹಣ್ಣು ಕಚ್ಚಿದಂತಾಯಿತು. ಆದರೂ ಕೈ ಬೆನ್ನ ಹಿಂದೆಯೇ ಇತ್ತು.

"ಇದೇನಾ?"

"ಇದೇ ನಾಯನಾ!"

"ಸರಿ ಹಂಗಾದ್ರೆ. ಕೆಟ್ಟೋಯ್ತು ಅಂತ ಮಾತ್ರ ಯಾರೂ ನನ್ ಹತ್ರ ತರಬಾರ್ದು," ಎಂದು ಜೋರಾಗಿ ನಕ್ಕುಬಿಟ್ಟ.

ಅಮ್ಮ ದೊಡ್ಡ ಸೊಪ್ಪಿನ ಹೊರೆ ಹೊತ್ತು ಬಂದವಳೇ ಬಾಗಿಲಲ್ಲಿ ನಿಂತು ಮೂಗೆಳೆದಳು. ಗೋಣಿಯನ್ನು ನೋಡಿದಳು, ನಮ್ಮಿಬ್ಬರನ್ನೂ ನೋಡಿದಳು. ಬೈಗುಳದ ಮಳೆ ಸುರಿಯುತ್ತದೆ ಎಂದುಕೊಂಡೆ. ಹುಳು ಹಸಿದಿದ್ದವು, ಬೈಯಲು ಪುರುಸೊತ್ತಿಲ್ಲದೆ ಸೊಪ್ಪು ಹಾಕಲು ಹೋದಳು. ದೀಪ ಹಚ್ಚುವ ಹೊತ್ತಿಗೆ ಅವಳ ಕೂಗು ಕೇಳಿಸಿತು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಮೈ ತಿರುಚಿಕೊಳ್ಳುತ್ತಿದ್ದವು, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಒಂದು ತಟ್ಟೆಯಲ್ಲ, ಎಲ್ಲ ತಟ್ಟೆಗಳಲ್ಲೂ. ಇನ್ನೆರಡು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು.

"ಹೊಗೆ ಹಾಕಿ ಸಾಯ್ಸಿಬಿಟ್ರಲ್ರೀ. ಅಪ್ಪ ಮಗಳು ಸೇರ್ಕೊಂಡು ಹೊಗೆ ಹಾಕಿ ಸಾಯ್ಸಿಬಿಟ್ರಿ."

ನಾಯನ ಒಂದು ಹುಳುವನ್ನು ಅಂಗೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. ತಟ್ಟೆಯಿಂದ ಒಂದೆಲೆ ಎತ್ತಿ ಮೂಸಿದ. ಮೆಲ್ಲಗೆ ಕೆಳಗಿಟ್ಟು, "ಹೌದು. ನನ್ನದೇ ತಪ್ಪು," ಎಂದ. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಹಟದಿಂದ ಅಷ್ಟೂ ಜೀವ ಹೋಯಿತು, ನಾಯನ ಅಮ್ಮನ ಮುಂದೆ ತಲೆ ತಗ್ಗಿಸುವ ಹಾಗಾಯಿತು ಎಂದುಕೊಂಡೆ. ಮೂರನೆಯ ದಿನ ಅವನು ತಾನೇ ಬೆಂಚನ್ನು ಬಿಚ್ಚಿದ. ರೇಡಿಯೋಗಳನ್ನು ಅವುಗಳ ಮನೆಗಳಿಗೆ ತಲುಪಿಸಿ ಬಂದ. ಕೋಣೆಗೆ ಸುಣ್ಣ ಬಳಿದು ಬೀಗದ ಕೈಯನ್ನು ಅಮ್ಮನ ಮುಂದಿಟ್ಟ. "ಇನ್ನು ನಿನ್ ಚಾಕಿ ಹುಳಾನ ಇಲ್ಲಿ ಸಾಕ್ಕೋ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ವಾರ್ಷಿಕೋತ್ಸವಕ್ಕೆ ಹೋಗಲಿಲ್ಲ. ಗಿಟಾರನ್ನು ಕೋಲಾರದ ಗೆಳತಿಯ ತಮ್ಮನಿಗೆ ಕೊಟ್ಟುಬಿಟ್ಟೆ. ಆಮೇಲೆ ಎಷ್ಟೋ ವರ್ಷ ಬದುಕಿದ್ದ ನಾಯನ ಮತ್ತೆ ಸಾಲ್ಡರ್ ಕಡ್ಡಿ ಮುಟ್ಟಲಿಲ್ಲ. ಮನೆಯ ರೇಡಿಯೋ ಕೆಟ್ಟರೆ ಪೇಟೆಯ ಅಂಗಡಿಗೆ ಕೊಟ್ಟು ಸರಿಮಾಡಿಸಿಕೊಂಡು ಬರುತ್ತಿದ್ದ. ಬಂದ ರೇಡಿಯೋದಲ್ಲಿ ಸ್ವಲ್ಪ ಕರಕರ ಇದ್ದೇ ಇರುತ್ತಿತ್ತು. ಅವನು ಅದನ್ನು ಕೇಳಿಸಿಕೊಳ್ಳುತ್ತ ಸುಮ್ಮನೆ ಕೂತಿರುವುದನ್ನು ನೋಡಲಾರದೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ನಾನು ಬರೆಯುತ್ತಿರುವ ನೆನಪಿನ ಪುಸ್ತಕದ ಈ ಅಧ್ಯಾಯವನ್ನು ಇಷ್ಟಕ್ಕೇ ಮುಗಿಸಿದ್ದೆ. ನಾಯನ ಹೋದ ಮೇಲೆ ಅಮ್ಮ ಮಾಲೂರಿನಲ್ಲಿ ನನ್ನ ಜೊತೆಗಿದ್ದಾಳೆ. ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳುವುದು ರೂಢಿ. ಯಾವ ನೆಂಟರನ್ನು ಏನೆಂದು ಬರೆದಿದ್ದೇನೋ ಎಂದು ಅವಳಿಗೆ ಭಯ. ಕಳೆದ ವಾರ ಅವಳು ಮೊರದ ತುಂಬ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಇದನ್ನೂ ಓದಿದೆ. ಬೆಂಚಿನ ಜಗಳಕ್ಕೆ ನಕ್ಕಳು. ಹುಳು ಸತ್ತ ಜಾಗಕ್ಕೆ ಬಂದಾಗ ಸುಲಿಯುವುದನ್ನು ನಿಲ್ಲಿಸಿದಳು.

"ಅದನ್ನ ಹಂಗೆ ಬರೀಬೇಡ."

"ಯಾಕಮ್ಮಾ? ನನ್ನ ತಪ್ಪನ್ನ ತಾನೇ ಬರ್ಕೊಂಡಿರೋದು."

"ನಿನ್ ತಪ್ಪಲ್ಲ ಕಣೇ. ಹುಳ ಹೋಗಿದ್ದು ಹೊಗೆಗಲ್ಲ, ಸೊಪ್ಪಿಗೆ. ಆವತ್ತು ಸೊಪ್ಪು ಸಾಲ್ಲಿಲ್ಲ. ಪಕ್ಕದೋರ ಟೊಮೇಟೊ ತೋಟದ ಬದೀಗಿದ್ದ ನಮ್ ಮೂರು ಸಾಲು ಕೊಯ್ಕೊಂಡ್ ಬಂದೆ. ಅವ್ರು ಔಷಧಿ ಹೊಡ್ದಿದ್ರು."

ಟೊಮೇಟೊ ತೋಟಕ್ಕೆ ಅಂಟಿದ ಸಾಲುಗಳ ಸೊಪ್ಪನ್ನು ಹುಳುವಿಗೆ ಹಾಕಬಾರದು ಎಂಬುದು ನಮ್ಮ ಕಡೆ ಎಳೆಯ ಮಕ್ಕಳಿಗೂ ಗೊತ್ತು. ಔಷಧಿ ಗಾಳಿಯಲ್ಲಿ ಹಾರಿ ಬಂದು ಕೂತಿರುತ್ತದೆ. ಅವಳೇ ನನಗೆ ನೂರು ಸಲ ಹೇಳಿಕೊಟ್ಟಿದ್ದಳು.

"ಹಸ್ರು ಕಕ್ಕಿದ್ ತಕ್ಷಣ ನಂಗೆ ಗೊತ್ತಾಯ್ತು. ಬಾಯಿ ಬರ್ಲಿಲ್ಲ. ಮನೇಲಿ ಹೊಗೆ ವಾಸ್ನೆ ಇತ್ತು, ಅದ್ನೇ ಹಿಡ್ಕೊಂಡೆ. ಆ ಕೋಣೇನೂ ಬೇಕಾಗಿತ್ತು ನಂಗೆ, ಸುಳ್ಳು ಯಾಕೆ ಹೇಳ್ಲಿ."

"ನಾಯನಂಗೆ ಗೊತ್ತಾಗ್ಲೇ ಇಲ್ವಾ?"

"ಗೊತ್ತಾಗ್ದೆ ಏನು? ಮಾರನೇ ದಿನ ಬೆಳಗ್ಗೆ ತೋಟಕ್ಕೆ ಹೋಗಿ ನೋಡ್ತೀನಿ, ಆ ಮೂರು ಸಾಲ್ನೂ ಬುಡಕ್ಕೆ ಕೊಯ್ದು ಗುಂಡಿ ತೆಗ್ದು ಮುಚ್ಚಿಬಿಟ್ಟಿದ್ರು. ಅವ್ರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಇರೋವರ್ಗೂ ಕೇಳ್ಲಿಲ್ಲ ಪುಣ್ಯಾತ್ಮ."

ಅಮ್ಮ ಅಳುತ್ತಿದ್ದಳು. ನನಗೆ ಸಿಟ್ಟು ಬಂತು. ಎಂಬತ್ತು ದಾಟಿದ ಮುದುಕಿಯ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ಆದರೂ ಬಂತು. ಎದ್ದು ಹೋಗಿ ಒಲೆಯ ಮೇಲೆ ಬೇಡದ ನೀರು ಕಾಯಿಸಿದೆ. ವಾಪಸ್ಸು ಬರುವ ಹೊತ್ತಿಗೆ ಅವಳು ಕಣ್ಣೊರೆಸಿಕೊಂಡು ಮತ್ತೆ ಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ನೋಡದೆ ಹೇಳಿದಳು.

"ಹಿತ್ಲಲ್ಲಿ ಶೀಟ್ ಹಾಕ್ಸಿ ಹುಳದ ಮನೆ ಕಟ್ಟಿದ್ವಲ್ಲ, ಆಗ ನಾನೇ ಅಂದೆ. ಮುಂದಿನ ಕೋಣೆ ಖಾಲಿ ಐತೆ, ನಿಮ್ ಬೆಂಚು ಹಾಕ್ಕೊಳ್ಳಿ ಅಂತ."

"ಏನಂದ?"

"'ಪೋನೀಲೇ, ಹೋಗ್ಲಿ ಬಿಡು, ನಂಗ್ಯಾತಕ್ಕೆ ಬೆಂಚು. ಹುಡುಗಿ ಏನಾದ್ರೂ ಮಾಡ್ಕೊಡು ಅಂತ ಕೇಳ್ಲಿ, ಆವತ್ತೇ ಹಾಕ್ತೀನಿ' ಅಂದ್ರು."

ಹುಳದ ಮನೆ ಕಟ್ಟಿದ್ದು ನನಗೆ ಕೆಲಸ ಸಿಕ್ಕಿದ ವರ್ಷ. ಅದಾದ ಮೇಲೆ ನಾಯನ ಹನ್ನೆರಡು ವರ್ಷ ಇದ್ದ. ನಾನು ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತಿದ್ದೆ. ಊಟವಾದ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಅವನು ಕೇಳುತ್ತಿದ್ದ, "ಮತ್ತೇನಮ್ಮಣ್ಣಿ, ಏನಾದ್ರೂ ಬೇಕಾ ನಿಂಗೆ?" ವಯಸ್ಸಾದವರು ಕೇಳುವ ಮಾತು ಎಂದುಕೊಂಡಿದ್ದೆ. ಒಂದು ಸಲ ಅವನ ಹತ್ತಿರ ಕೇಳಿ ಅವನನ್ನು ಹಾಳು ಮಾಡಿದ್ದೇನೆ, ಇನ್ನು ಸಾಯುವವರೆಗೂ ಏನನ್ನೂ ಕೇಳಬಾರದು ಎಂದು ನನಗೆ ನಾನೇ ಆಣೆ ಇಟ್ಟುಕೊಂಡಿದ್ದೆ. ಅವನು ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತ ಕಾಯುತ್ತಿದ್ದ. ಏನೂ ಬೇಡ ನಾಯನಾ, ಎನ್ನುತ್ತಿದ್ದೆ ನಾನು. ಹನ್ನೆರಡು ವರ್ಷ, ಹೋದಾಗಲೆಲ್ಲ, ಏನೂ ಬೇಡ ಎಂದೆ.